ಕಳೆದುಹೋದರೆ ಹೇಳಬೇಕಾದ ನಂಬರು

ಜೂನ್ 4

ಜಾಹೀರಾತು ಕಂಪನಿಯ ಮುಖ್ಯಸ್ಥರಿಗೆ,

ನಾನು ಗುಂಡಿ, ದಾರ, ಜಿಪ್ಪು, ಲೇಸು ಮಾರುವ ಅಂಗಡಿಯವಳು. ಕಿವಿಯ ಯಂತ್ರ ಮಾರುವವಳಲ್ಲ. ಈ ಮಾತನ್ನು ಭಾನುವಾರ ಬೆಳಿಗ್ಗೆಯಿಂದ ಇವತ್ತು ಮಧ್ಯಾಹ್ನದವರೆಗೆ ನೂರ ಹದಿನೇಳು ಜನರಿಗೆ ಹೇಳಿದ್ದೇನೆ. ನೀವು ನೂರ ಹದಿನೆಂಟನೆಯವರು. ನಿಮಗೆ ಕಿರುಚಿ ಹೇಳಬೇಕಾಗಿಲ್ಲ ಎಂಬುದೊಂದೇ ಸಮಾಧಾನ.

ಭಾನುವಾರದ ಪತ್ರಿಕೆಯ ಮೂರನೆಯ ಪುಟದಲ್ಲಿ ನೀವು ಮಾಡಿಸಿದ ಜಾಹೀರಾತು ಬಂದಿದೆ. ಅರ್ಧ ಪುಟ. ಒಬ್ಬ ಮುದುಕ, ಅವನ ಪಕ್ಕದಲ್ಲಿ ಬಾಯಿ ತೆರೆದ ಮೊಮ್ಮಗಳು. "ಮನೆಯವರ ಮಾತು ಕೇಳಿಸುತ್ತಿಲ್ಲವೇ? ಇಂದೇ ಕರೆ ಮಾಡಿ." ಕೆಳಗೆ ಹೆಬ್ಬೆರಳು ಗಾತ್ರದ ಅಂಕಿಗಳಲ್ಲಿ ಒಂದು ಫೋನ್ ನಂಬರು. ಆ ನಂಬರು ನನ್ನ ಅಂಗಡಿಯದು. ಮೂವತ್ತನಾಲ್ಕು ವರ್ಷದಿಂದ ನನ್ನದೇ.

ಕಿವಿ ಕೇಳದವರಿಗೆ ಫೋನ್ ಮಾಡಿ ಎಂದು ಬರೆದ ಮಹಾನುಭಾವರು ಯಾರೆಂದು ನಾನು ಕೇಳುವುದಿಲ್ಲ. ನಿಮ್ಮ ಮನೆಯ ವ್ಯವಹಾರ. ಆದರೆ ನನ್ನ ಬೆಳಗು ಹೀಗೆ ಶುರುವಾಗುತ್ತಿದೆ:

"ಹಲೋ, ಕಿವಿ ಮಷಿನ್ನಾ?"

"ಅಲ್ಲಪ್ಪಾ, ತಪ್ಪು ನಂಬರು."

"ಜೋರಾಗಿ ಹೇಳಮ್ಮಾ, ಕೇಳಿಸಲ್ಲ! ಕೇಳಿಸ್ತಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?"

ಇದಕ್ಕೆ ನಿಮ್ಮಲ್ಲಿ ಉತ್ತರ ಇದ್ದರೆ ತಿಳಿಸಿ.

ಪತ್ರಿಕೆಯವರನ್ನು ವಿಚಾರಿಸಿದೆ. ನಿಮ್ಮ ಕಂಪನಿಯ ಹೆಸರು, ವಿಳಾಸ ಕೊಟ್ಟರು. ಹೆಸರು ನನಗೆ ಮೊದಲೇ ಗೊತ್ತಿತ್ತು. ಹೇಗೆ ಗೊತ್ತು ಎಂಬುದು ಈ ಕಾಗದದ ವಿಷಯವಲ್ಲ. ಕೂಡಲೇ ಸರಿಯಾದ ನಂಬರು ಅಚ್ಚು ಹಾಕಿಸಿ. ಅಲ್ಲಿಯವರೆಗೆ ಫೋನ್ ಮಾಡಿದವರ ಹೆಸರು, ವಿಳಾಸ ಬರೆದಿಟ್ಟುಕೊಳ್ಳುತ್ತಿದ್ದೇನೆ. ತಪ್ಪು ನಿಮ್ಮದು, ಪಾಪ ಅವರದ್ದೇನು?

ಇಂತಿ, ಸದರಿ ನಂಬರಿನ ಮಾಲೀಕಳಾದ
ಗುಂಡಿ ಅಂಗಡಿಯಾಕೆ


ಜೂನ್ 9

ಅಮ್ಮ,

ನಿನ್ನ ಕಾಗದ ಮುಖ್ಯಸ್ಥರ ಮೇಜಿನಿಂದ ನನ್ನ ಮೇಜಿಗೆ ಬಂತು. "ಯಾರೋ ಗುಂಡಿ ಅಂಗಡಿಯೋರಂತೆ, ಚೆನ್ನಾಗಿ ಬೈದಿದ್ದಾರೆ, ಓದು" ಎಂದು ಇಟ್ಟು ಹೋದರು. ಲಕೋಟೆಯ ಮೇಲಿನ ಅಕ್ಷರ ನೋಡಿದೊಡನೆ ನನಗೆ ಕೂರಲಾಗಲಿಲ್ಲ.

ತಪ್ಪು ಗೊತ್ತಾದಂದಿನಿಂದ, ಐದು ದಿನವಾಯಿತು, ನಿನಗೆ ಫೋನ್ ಮಾಡುತ್ತಿದ್ದೇನೆ. ಯಾವಾಗಲೂ ಎಂಗೇಜ್. ಮೂರು ವರ್ಷದ ಮೇಲೆ ಧೈರ್ಯ ಮಾಡಿದರೆ, ನಾನೇ ಕಳಿಸಿದ ಜನ ನನಗಿಂತ ಮುಂದೆ ಸಾಲುಗಟ್ಟಿ ನಿಂತಿದ್ದಾರೆ. ಅದಕ್ಕೆ ಕಾಗದ.

ಆ ಮಹಾನುಭಾವಳು ನಾನೇ. ಬರೆದವಳೂ ನಾನೇ, ನಂಬರು ತಪ್ಪಿಸಿದವಳೂ ನಾನೇ. ಕೆಲಸ ನಡೆಯುವ ರೀತಿ ಹೇಳುತ್ತೇನೆ, ನೆಪ ಎಂದು ಓದಬೇಡ. ನಾನು ಮಾತು ಬರೆದುಕೊಡುತ್ತೇನೆ. ಚಿತ್ರ, ಅಕ್ಷರ, ಜಾಗ ಎಲ್ಲ ಹೊಂದಿಸುವವರು ಒಬ್ಬರಿದ್ದಾರೆ. ಉಕ್ಕಿನ ಸ್ಕೇಲು ಕೈಯಲ್ಲಿಲ್ಲದೆ ಅವರನ್ನು ಯಾರೂ ನೋಡಿಲ್ಲ, ಆದ್ದರಿಂದ ಸ್ಕೇಲಣ್ಣ. ಕಿವಿ ಯಂತ್ರದ ಕಂಪನಿಗೆ ಹೊಸ ಫೋನು ಇನ್ನೂ ಬಂದಿರಲಿಲ್ಲ. "ಯಾವ್ದಾದ್ರೂ ಒಂದು ನಂಬರ್ ಹೇಳು, ಜಾಗ ಹಿಡಿಯುತ್ತಾ ನೋಡ್ತೀನಿ. ಆಮೇಲೆ ಬದಲಾಯಿಸಿದ್ರಾಯ್ತು" ಎಂದರು. ಇಂಥ ಹೊತ್ತಿನಲ್ಲಿ ಎಲ್ಲರೂ ಒಂದು ಎರಡು ಮೂರು ನಾಲ್ಕು ಎನ್ನುತ್ತಾರೆ. ನನ್ನ ಬಾಯಿಂದ ಬಂದದ್ದು ಮನೆಯ ನಂಬರು. ಅಪ್ಪ ಗುಂಡಿ ಎಣಿಸುತ್ತಾ ಕಲಿಸಿದ್ದರಲ್ಲ, ಅದೇ ರಾಗದಲ್ಲಿ. "ಕಳೆದುಹೋದ್ರೆ ಅಳಬಾರದು, ಯಾರಾದ್ರೂ ದೊಡ್ಡೋರ ಹತ್ರ ಈ ನಂಬರ್ ಹೇಳಬೇಕು."

ಅಚ್ಚಿಗೆ ಹೋಗುವ ಮುನ್ನ ಹಾಳೆಯ ಹಿಂಬದಿ ಮೂರು ಸಹಿ ಬೀಳಬೇಕು: ಬರೆದವರದು, ಚಿತ್ರ ಮಾಡಿದವರದು, ಗಿರಾಕಿಯನ್ನು ನೋಡಿಕೊಳ್ಳುವವರದು. ಮೂರೂ ಬಿದ್ದಿವೆ. ಅಂಕಿಗಳನ್ನು ಬೆರಳಿಟ್ಟು ಒಂದೊಂದಾಗಿ ಓದಬೇಕಾದವಳು ನಾನು. ಓದಿದೆ ಅಮ್ಮ, ಬೆರಳಿಟ್ಟೇ ಓದಿದೆ. ತಪ್ಪು ನಂಬರು ಕಣ್ಣಿಗೆ ಚುಚ್ಚುತ್ತದೆ. ಇದು ಚುಚ್ಚಲಿಲ್ಲ. ಇದಕ್ಕಿಂತ ಸರಿಯಾದ ನಂಬರು ನನಗೆ ಗೊತ್ತೇ ಇಲ್ಲ.

ಬರುವ ಭಾನುವಾರ ತಿದ್ದುಪಡಿ ಬರುತ್ತದೆ. ಅಲ್ಲಿಯವರೆಗೆ ರಿಸೀವರ್ ತೆಗೆದು ಕೆಳಗಿಟ್ಟುಬಿಡು.

ಮಗಳು ಎಂದು ಬರೆಯಲು ಇನ್ನೂ ಅನುಮತಿ ಇದೆ ಎಂದುಕೊಂಡು,
ನಿನ್ನ ಮಗಳು


ಜೂನ್ 17

ಜಾಹೀರಾತು ಬರೆಯುವವರಿಗೆ,

ತಿದ್ದುಪಡಿ ನೋಡಿದೆ. ತಪ್ಪು ಅರ್ಧ ಪುಟ, ತಿದ್ದುಪಡಿ ಬೆಂಕಿಪೊಟ್ಟಣದಷ್ಟು. ಫೋನು ನಿಂತಿಲ್ಲ. ಜನ ಮೊದಲನೆಯದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ನಿನ್ನ ಬರಹವನ್ನು ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ ಎಂದು ಸಂತೋಷಪಡುವುದಾದರೆ ಪಡು.

ರಿಸೀವರ್ ಕೆಳಗಿಡಲಾಗುವುದಿಲ್ಲ. ದರ್ಜಿಗಳು ಇದೇ ಫೋನಿಗೆ ಬಣ್ಣದ ನಂಬರು ಹೇಳಿ ದಾರ ತರಿಸಿಕೊಳ್ಳುತ್ತಾರೆ. ಅದೂ ಅಲ್ಲದೆ ಒಮ್ಮೆ ಎತ್ತಿ ಮಾತಾಡಿದ ಮೇಲೆ ಎರಡನೆಯ ಸಲ ಎತ್ತದಿರುವುದು ನನ್ನಿಂದಾಗದು.

ನೋಟ್‌ಬುಕ್ಕಿನಲ್ಲಿ ಮೊದಲು ಮೂರು ಕಾಲಂ ಹಾಕಿದ್ದೆ. ದಿನ, ಹೆಸರು, ವಿಳಾಸ. ಅಷ್ಟು ಸಾಕಿತ್ತು. ಆದರೆ ಇವರು ವಿಳಾಸ ಹೇಳಿ ಸುಮ್ಮನಾಗುವ ಪೈಕಿ ಅಲ್ಲ. ಮೂರನೆಯ ದಿನಕ್ಕೆ ಬಲಗಡೆ ಇನ್ನೊಂದು ಗೆರೆ ಎಳೆದು "ಅವರು ಹೇಳಿದ್ದು" ಎಂದು ಬರೆದೆ.

ಒಬ್ಬ ಸೊಸೆ ಮಾವನಿಗಾಗಿ ಫೋನ್ ಮಾಡಿದ್ದಳು. "ಮನೇಲಿ ಎಲ್ಲಾರೂ ಅವರ ಎದುರಿಗೇ ಅವರ ವಿಷಯ ಮಾತಾಡ್ತಾರೆ, ಹೇಗಿದ್ರೂ ಕೇಳಿಸಲ್ಲ ಅಂತ. ನನಗ್ಯಾಕೋ ಅವರಿಗೆ ಕೇಳಿಸುತ್ತೆ ಅನ್ಸುತ್ತೆ ಅಕ್ಕಾ." ಇನ್ನೊಬ್ಬ ಕ್ಷೌರದಂಗಡಿಯವನು: "ಗಿರಾಕಿ ಏನಾದ್ರೂ ಹೇಳಿದ್ರೆ ಸುಮ್ನೆ ನಗ್ತೀನಿ. ಮೊನ್ನೆ ಒಬ್ಬ ಅವನ ತಾಯಿ ತೀರಿಕೊಂಡ ಸುದ್ದಿ ಹೇಳ್ತಿದ್ನಂತೆ. ನಕ್ಕುಬಿಟ್ಟೆ ಕಣಮ್ಮಾ." ಇದನ್ನು ಹೇಳಿ ಅವನು ಫೋನಿಡಲಿಲ್ಲ. ನಾನೂ ಇಡಲಿಲ್ಲ.

ಮತ್ತೊಬ್ಬರು ದಿನಾ ಹನ್ನೊಂದು ಗಂಟೆಗೆ ಸರಿಯಾಗಿ ಮಾಡುತ್ತಾರೆ. ಹನ್ನೊಂದರ ತಾತ ಎಂದು ಹೆಸರಿಟ್ಟಿದ್ದೇನೆ. ಅವರಿಗೆ ನನ್ನ ಒಂದಕ್ಷರವೂ ಕೇಳಿಸುವುದಿಲ್ಲ. ವಿಳಾಸ ಹೇಳುತ್ತಾರೆ, ಯಂತ್ರ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ, ನಾನು ಗಂಟಲು ಹರಿಯುವಂತೆ "ಇದು ತಪ್ಪು ನಂಬರು" ಎನ್ನುತ್ತೇನೆ, ಅವರು ಬೆಳಿಗ್ಗೆ ಗಿಡಕ್ಕೆ ನೀರು ಹಾಕಿದ್ದು, ಮೊಣಕಾಲು ನೋವು ಎಲ್ಲ ವರದಿ ಒಪ್ಪಿಸಿ, "ಸರಿ ಹಾಗಾದ್ರೆ, ನೀನು ಹೇಳಿದ ಹಾಗೇ ಆಗ್ಲಿ" ಎಂದು ಇಡುತ್ತಾರೆ. ನಾನು ಏನು ಹೇಳಿದೆನೋ ಅವರಿಗೇ ಗೊತ್ತು.

ಅಪ್ಪನ ರಾಗದ ವಿಷಯ ಬರೆದಿದ್ದೀಯ. ಅದೊಂದನ್ನಾದರೂ ಯಾವ ಸಾಬೂನಿನ ಜಾಹೀರಾತಿಗೂ ಕೊಡಬೇಡ.

ಅಂಗಡಿಗೆ ಜನ ಬಂದರು, ಇಲ್ಲಿಗೆ ನಿಲ್ಲಿಸುತ್ತೇನೆ.
ಅಂಗಡಿಯಾಕೆ


ಜೂನ್ 24

ಅಮ್ಮ,

ಸಾಬೂನಿನ ಮಾತಿಗೆ ಇದ್ದ ಉತ್ತರವನ್ನು ಮೂರು ವರ್ಷದಲ್ಲಿ ಏಳು ಕಾಗದಗಳಲ್ಲಿ ಬರೆದು ಕಳಿಸಿದ್ದೆ. ನೀನು ತೆರೆದಿಲ್ಲ ಎಂದು ಗೊತ್ತು. ತೆರೆದಿದ್ದರೆ ಒಂದು ಬೈಗುಳವಾದರೂ ಬರುತ್ತಿತ್ತು.

ಈಗ ಬೇಡುವ ಕಾಗದ. ಕಿವಿ ಯಂತ್ರದ ಕಂಪನಿಯವರು ಕುದಿಯುತ್ತಿದ್ದಾರೆ, ಕೆಲಸವನ್ನು ಬೇರೆಯವರಿಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ನಮ್ಮ ಕೋಣೆಯಲ್ಲಿ ಆರು ಜನರಿದ್ದೇವೆ. ಹಾಳೆ ಸಿಕ್ಕಿಸಿ ಸಿಕ್ಕಿಸಿ ಗೋಡೆ ಜರಡಿಯಾಗಿದೆ, ಮೇಜಿನ ಮೇಲೆ ಅರ್ಧ ಕುಡಿದ ಚಹಾ, ಪೆನ್ಸಿಲ್ ಹೆರೆದ ಪುಡಿ. ಒಂದು ವಾರದಿಂದ ಯಾರೂ ಜೋಕು ಹೇಳಿಲ್ಲ. ನನ್ನ ಕುರ್ಚಿ ಇರುತ್ತದೋ ಇಲ್ಲವೋ ಎಂಬುದು ಜುಲೈ ಮಧ್ಯದೊಳಗೆ ತೀರ್ಮಾನವಾಗುತ್ತದಂತೆ.

ನೀನು ಬರೆದಿಟ್ಟ ಹೆಸರು, ವಿಳಾಸ ಕಳಿಸಿಕೊಟ್ಟರೆ ಕಂಪನಿಯವರು ಅವರ ಮನೆಗೇ ಹೋಗಿ ಕಿವಿ ಪರೀಕ್ಷೆ ಮಾಡುತ್ತಾರೆ. ಆ ಜನಕ್ಕೆ ಯಂತ್ರ ಸಿಗುತ್ತದೆ, ನನ್ನ ಕುರ್ಚಿಯೂ ಉಳಿಯಬಹುದು. ಎರಡೂ ಕಾರಣ ಬರೆದಿದ್ದೇನೆ. ಒಂದನ್ನೇ ಬರೆದಿದ್ದರೆ ಇನ್ನೊಂದನ್ನು ನೀನೇ ಓದಿಬಿಡುತ್ತಿದ್ದೆ.

ಹನ್ನೊಂದರ ತಾತನಿಗೆ ಮೊದಲ ಯಂತ್ರ ಎಂದು ಈಗಲೇ ಹೇಳಿಟ್ಟಿದ್ದೇನೆ.

ನಿನ್ನ ಮಗಳು


ಜುಲೈ 3

ಮಗಳಿಗೆ,

ನೋಟ್‌ಬುಕ್ಕು ರಿಜಿಸ್ಟರ್ ಅಂಚೆಯಲ್ಲಿ ಬರುತ್ತಿದೆ. ನಕಲು ಮಾಡಲು ಕಣ್ಣು ಒಪ್ಪಲಿಲ್ಲ, ಮೂಲವನ್ನೇ ಕಳಿಸಿದ್ದೇನೆ. ಒಟ್ಟು ಮುನ್ನೂರ ಎಂಟು ಜನ, ನಲವತ್ತಾರು ಹಾಳೆ. ಮೊದಲ ಮೂರು ಕಾಲಂ ಕಂಪನಿಗೆ. ನಾಲ್ಕನೆಯದು ಅವರಿಗೆ ಸೇರಿದ್ದಲ್ಲ, ನಿನಗೂ ಸೇರಿದ್ದಲ್ಲ. ಅವರು ಅದನ್ನು ಗುಂಡಿ ಅಂಗಡಿಗೆ ಹೇಳಿದ್ದು.

ಇನ್ನು ನಾವಿಬ್ಬರೂ ಯಾವುದನ್ನು ಸುತ್ತು ಹಾಕಿಕೊಂಡು ಓಡಾಡುತ್ತಿದ್ದೇವೋ ಆ ವಿಷಯ. ನೀನು ಏಳು ಕಾಗದ ಬರೆದೆ, ನಾನು ಒಂದು ಬರೆಯುತ್ತೇನೆ.

ಮೂವತ್ತೊಂದು ವರ್ಷ ದಿನಾ ಸಂಜೆ ಎಂಟಕ್ಕೆ ನಿನ್ನ ಅಪ್ಪ ಮೊದಲು ಅಂಗಡಿಯ ಮೇಲಿನ ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದರು, ನಾನು ಶಟರ್ ಎಳೆಯುತ್ತಿದ್ದೆ. ದಿನಾ ಒಂದೇ ಮಾತು. "ನೀವು ನಡೀತಾ ಇರಿ, ಬಾಗಿಲು ಹಾಕಿ ಬಂದೆ." ಅದರಲ್ಲಿ ಏನೂ ಇಲ್ಲ. ಚೀಲ ಆ ಕಡೆ ಇಡಿ ಅಂದ ಹಾಗೆ. ಆಸ್ಪತ್ರೆಯಲ್ಲಿ ಆ ಕೊನೆಯ ಮಧ್ಯಾಹ್ನ ಅವರು ಹೋಗಲೋ ಬೇಡವೋ ಎಂಬಂತೆ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ, ಅದೇ ಬಂತು. ಅವರು ಕಣ್ಣು ಮುಚ್ಚಿಕೊಂಡರು. ಆಮೇಲಿನ ಉಸಿರು ಮೆಟ್ಟಿಲು ಹತ್ತುವವರ ಉಸಿರಿನಂತೆ ಒಂದೊಂದಾಗಿ ಬಂತು.

ನೀನು ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತು ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಂಡೆ. ಔಷಧಿಯ ಹೊತ್ತು ಬರೆದುಕೊಳ್ಳುತ್ತಿದ್ದಾಳೆ, ನನ್ನ ಹಾಗೇ ಲೆಕ್ಕದ ಹುಡುಗಿ ಎಂದುಕೊಂಡೆ. ಆ ಸ್ಥಿತಿಯಲ್ಲೂ ಒಂದು ಚೂರು ಹೆಮ್ಮೆಪಟ್ಟೆ.

ಎಂಟು ತಿಂಗಳ ಮೇಲೆ ಅಂಗಡಿಯ ಟೀವಿಯಲ್ಲಿ ಯಾವುದೋ ಪಂದ್ಯದ ನಡುವೆ ಬಂತು. ಆಸ್ಪತ್ರೆಯ ಹಾಸಿಗೆ, ನನಗಿಂತ ಚೆನ್ನಾಗಿ ತಲೆ ಬಾಚಿಕೊಂಡ ಹೆಂಗಸು, ಅದೇ ಮಾತು, ಕೆಳಗೆ ವಿಮಾ ಕಂಪನಿಯ ಹೆಸರು. ದಾರಕ್ಕೆ ನಿಂತಿದ್ದ ದರ್ಜಿ ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ ಅಕ್ಕಾ" ಎಂದ. ನಾನು ಅವನಿಗೆ ದಾರ ಕೊಟ್ಟೆ. ಬಣ್ಣ ತಪ್ಪಿತ್ತು. ಈ ಅಂಗಡಿಯಲ್ಲಿ ನಾನು ತಪ್ಪು ಬಣ್ಣ ಕೊಟ್ಟದ್ದು ಅದೊಂದೇ ಸಲ. ನಿನಗೆ ಅದಕ್ಕೆ ಬಹುಮಾನ ಬಂದ ಸುದ್ದಿ ಪತ್ರಿಕೆಯಲ್ಲಿ ಓದಿದೆ.

ನೀನು ಕದ್ದೆ ಎಂದು ನಾನು ಹೇಳುವುದಿಲ್ಲ. ಕದ್ದ ವಸ್ತು ಒಂದು ಕಡೆ ಇರುತ್ತದೆ, ಹೋಗಿ ತರಬಹುದು. ಇದು ಎಲ್ಲ ಕಡೆ ಇದೆ. ಅವರು ಹೋದ ಮೇಲೂ ಆ ಎಂಟು ತಿಂಗಳು ಶಟರ್ ಎಳೆಯುವಾಗ ಖಾಲಿ ಮೆಟ್ಟಿಲಿಗೆ ಹೇಳುತ್ತಿದ್ದೆ. ಹುಚ್ಚು ಎಂದರೆ ಹುಚ್ಚು. ಆದರೆ ಹೇಳಿದ ಮೇಲೆ ಮೆಟ್ಟಿಲು ಹತ್ತಿ ಹೋಗಲು ಆಗುತ್ತಿತ್ತು. ಟೀವಿಯಲ್ಲಿ ಬಂದ ಮೇಲೆ ಆ ಮಾತು ಬಾಯಿಗೆ ಬಂದರೆ ಆ ಹೆಂಗಸಿನ ಧ್ವನಿಯಲ್ಲೇ ಬರುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಬಾಗಿಲು ಹಾಕುತ್ತೇನೆ.

ನೋಟ್‌ಬುಕ್ಕು ಜೋಪಾನ.

ಅಮ್ಮ


ಜುಲೈ 9

ಪೂಜ್ಯ ತಾಯಿಯವರಿಗೆ,

ನಿಮ್ಮ ಬೈಗುಳದ ಕಾಗದಕ್ಕೆ ಪಾತ್ರನಾದ ಮುಖ್ಯಸ್ಥ ನಾನು. ನಿಮ್ಮ ನೋಟ್‌ಬುಕ್ಕನ್ನು ನಿಮ್ಮ ಮಗಳ ಮೇಜಿನ ಮೇಲೆ ಕಂಡೆ. ನಿಂತಲ್ಲೇ ಓದಿದೆ, ಕುಳಿತು ಮತ್ತೊಮ್ಮೆ ಓದಿದೆ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಇಂಥ ಬರಹ ನೋಡಿಲ್ಲ.

ಕಂಪನಿಯವರಿಗೆ ವಿಷಯ ತಿಳಿಸಿದೆ. ಅವರ ಸಿಟ್ಟು ಇಳಿದು ಈಗ ಉತ್ಸಾಹ ಏರಿದೆ. ನಮ್ಮ ಮುಂದಿನ ಚಿತ್ರ "ತಪ್ಪು ನಂಬರಿನ ತಾಯಿ." ನಿಮ್ಮದೇ ಅಂಗಡಿ, ನಿಮ್ಮದೇ ಫೋನು, ನೀವೇ. ನಾಲ್ಕನೆಯ ಕಾಲಂ ಇರುವಾಗ ನಾವು ಹೊಸದಾಗಿ ಒಂದಕ್ಷರವನ್ನೂ ಬರೆಯಬೇಕಾಗಿಲ್ಲ. ಆ ಕ್ಷೌರಿಕ, ಹನ್ನೊಂದು ಗಂಟೆಯ ಹಿರಿಯರು, ಇವರಿಗೆಲ್ಲ ಒಳ್ಳೆಯ ನಟರಿದ್ದಾರೆ.

ನಿಮ್ಮ ಮಗಳಿಂದ ಆದ ತಪ್ಪು ಇದರಿಂದ ಮುಚ್ಚಿಹೋಗುತ್ತದೆ. ಅವರ ಸ್ಥಾನಕ್ಕೆ ನಾನು ಹೊಣೆ. ಆದರೆ ನಿಮ್ಮನ್ನು ಕೇಳಿ ಎಂದರೆ ಅವರು ಯಾಕೋ ಒಪ್ಪುತ್ತಿಲ್ಲ. ಸಂಕೋಚವಿರಬೇಕು. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಹದಿನೇಳನೇ ತಾರೀಖು ಶುಕ್ರವಾರ ಕಂಪನಿಯವರೊಡನೆ ಸಭೆ ಇದೆ. ಅಷ್ಟರೊಳಗೆ ನಿಮ್ಮ ಒಂದು "ಹೂಂ" ತಲುಪಿದರೆ ಉಪಕಾರ.

ಗೌರವಗಳೊಂದಿಗೆ,
ಮುಖ್ಯಸ್ಥ


ಜುಲೈ 13

ಜಾಹೀರಾತು ಬರೆಯುವವರಿಗೆ,

ನಿಮ್ಮ ಮುಖ್ಯಸ್ಥರ ಕಾಗದ ಬಂತು. ನೋಟ್‌ಬುಕ್ಕು ಜೋಪಾನ ಎಂದು ಬರೆದಿದ್ದೆ. ಮೇಜಿನ ಮೇಲೆ ಬಿಡಿಸಿಡುವುದಕ್ಕೆ ನಿಮ್ಮ ಆಫೀಸಿನಲ್ಲಿ ಜೋಪಾನ ಎನ್ನುತ್ತಾರೇನೋ. ವಾಪಸ್ ಕಳಿಸು. ನಲವತ್ತಾರು ಹಾಳೆ, ಎಣಿಸಿಕೊಳ್ಳುತ್ತೇನೆ.

"ಒಪ್ಪುತ್ತಿಲ್ಲ" ಎಂದು ಬರೆದಿದ್ದಾರೆ. ಆ ಒಂದು ಪದದ ಮೇಲೆ ಬೆರಳಿಟ್ಟುಕೊಂಡು ಬೆಳಿಗ್ಗೆಯಿಂದ ಕೂತಿದ್ದೇನೆ. ನಿಜವೋ, ಅಥವಾ ಅದೂ ಬರೆಯುವವರ ಕೈಚಳಕವೋ? ನಾನು ಹೂಂ ಅಂದರೆ ನಿನ್ನ ಕುರ್ಚಿ ಉಳಿಯುತ್ತದೆ. ಅದೇನು ಸಣ್ಣ ವಿಷಯವಲ್ಲ, ಹನ್ನೆರಡು ವರ್ಷ ಕೂತ ಕುರ್ಚಿ. ಅವರಿಗೆ ನಾನು ಉತ್ತರ ಬರೆದಿಲ್ಲ. ಕೇಳಬೇಕಾದವಳು ನೀನು.

ಕೇಳು, ನೋಡೋಣ.

ಅಂಗಡಿಯಾಕೆ


ಜುಲೈ 20

ಅಮ್ಮ,

ಕೇಳುವುದಿಲ್ಲ.

ಈ ಪೊಟ್ಟಣದಲ್ಲಿ ಏನೇನಿದೆ ಎಂದು ಮೊದಲು ಹೇಳಿಬಿಡುತ್ತೇನೆ. ದಾರ ಸುತ್ತಿದ ಒಂದು ಕಟ್ಟು: ನಾಲ್ಕು ಬೆರಳು ಅಗಲದ ನಲವತ್ತಾರು ಪಟ್ಟಿಗಳು. ಅದರ ಕೆಳಗೆ ಮಡಚಿದ ಒಂದು ಹಾಳೆ.

ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಟ್ಟು ಚಹಾಕ್ಕೆ ಎದ್ದು ಹೋಗಿದ್ದು ನನ್ನ ತಪ್ಪು. ವಾಪಸ್ ಬರುವಷ್ಟರಲ್ಲಿ ಮುಖ್ಯಸ್ಥರು ಓದುತ್ತಿದ್ದರು. ಅವರಿಗೆ ಯಾವುದಾದರೂ ಹಿಡಿಸಿದರೆ ಎರಡು ಸಲ ಚಪ್ಪಾಳೆ ತಟ್ಟುತ್ತಾರೆ. ಇಡೀ ಕೋಣೆ ಆ ಎರಡು ಏಟಿಗಾಗಿ ಬದುಕುತ್ತದೆ. ಅವತ್ತು ತಟ್ಟಿದರು. ಆ ಸದ್ದು ನನಗೆ ಪರಿಚಯ.

ನೀನು ಕಾಗದದಲ್ಲಿ ಬರೆದದ್ದು ಸರಿ. ಆದರೆ ಒಂದು ವಿಷಯ ನಿನಗೆ ಗೊತ್ತಿಲ್ಲ. ಸ್ಟೂಲಿನಲ್ಲಿ ಕೂತು ಬರೆದುಕೊಂಡಾಗ ಅದು ಜಾಹೀರಾತಿಗೆಂದು ಅಲ್ಲ, ಮರೆತುಹೋಗಬಾರದೆಂದು. ಆರು ತಿಂಗಳ ಮೇಲೆ ಒಂದು ಸಭೆ. ವಿಮಾ ಕಂಪನಿಯವರು ಎದುರಿಗೆ ಕೂತಿದ್ದಾರೆ, ನಮ್ಮ ಹತ್ತಿರ ಏನೂ ಇಲ್ಲ, ಎಲ್ಲರೂ ಮೇಜು ನೋಡುತ್ತಿದ್ದಾರೆ. ನನ್ನ ಬಾಯಿ ತೆರೆಯಿತು. ಮೊನ್ನೆ ನಂಬರು ಬಂತಲ್ಲ, ಹಾಗೇ ಆ ಮಾತು ಬಂತು. ಎರಡು ಚಪ್ಪಾಳೆ. ಆಗ ನನಗೆ ಖುಷಿಯಾಯಿತು ಅಮ್ಮ. ಬಾಯಿ ತಪ್ಪಿ ಬಂತು ಎಂದು ಏಳು ಕಾಗದದಲ್ಲೂ ಬರೆದಿದ್ದೇನೆ. ಖುಷಿಯಾಯಿತು ಎಂದು ಒಂದರಲ್ಲೂ ಬರೆದಿಲ್ಲ. ನೀನು ಅವನ್ನು ತೆರೆಯದೆ ಇದ್ದದ್ದೇ ಒಳ್ಳೆಯದಾಯಿತು.

ಗುರುವಾರ ಮಧ್ಯಾಹ್ನ ಸ್ಕೇಲಣ್ಣನಿಗೆ ಎಲ್ಲ ಹೇಳಿದೆ. ಅವರು ನೋಟ್‌ಬುಕ್ಕಿನ ಹೊಲಿಗೆ ಬಿಚ್ಚಿ, ಹಾಳೆ ಹಾಳೆಯ ಮೇಲೂ ಗೆರೆಗೆ ಸರಿಯಾಗಿ ಉಕ್ಕಿನ ಸ್ಕೇಲು ಒತ್ತಿ ಹಿಡಿದರು, ನಾನು ಬ್ಲೇಡು ಎಳೆದೆ. ನೀನು ಹಾಳೆಯ ಒಂದೇ ಮಗ್ಗುಲಿಗೆ ಬರೆಯುವವಳು, ಆದ್ದರಿಂದ ಯಾರ ವಿಳಾಸವೂ ಹರಿಯಲಿಲ್ಲ. ಶುಕ್ರವಾರದ ಸಭೆಗೆ ಮೂರು ಕಾಲಮಿನ ಹಾಳೆಗಳನ್ನು ತೆಗೆದುಕೊಂಡು ಹೋದೆ.

"ಇದೇನಿದು? ನಾಲ್ಕನೇದು ಎಲ್ಲಿ?" ಎಂದರು ಮುಖ್ಯಸ್ಥರು.

"ಅದು ವಾಪಸ್ ಹೋಗುತ್ತೆ ಸರ್."

"ನಿಮ್ಮಮ್ಮ ಬೇಡ ಅಂದ್ರಾ?"

"ನಾನು ಕೇಳಿಲ್ಲ."

"ಕೇಳದೇನೇ ಹೇಗೆ ಗೊತ್ತು?"

"ಒಂದು ಸಲ ಕೇಳದೇನೇ ಕೊಟ್ಟುಬಿಟ್ಟಿದ್ದೆ ಸರ್. ಈ ಸಲ ಕೇಳದೇನೇ, ಕೊಡಲ್ಲ ಅಂತಿದೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕಂಪನಿಯವರು ವಿಳಾಸಗಳನ್ನು ತೆಗೆದುಕೊಂಡರು, ಕೆಲಸವನ್ನು ನಮ್ಮಲ್ಲೇ ಬಿಟ್ಟರು. ಆದರೆ ಆದ ತಪ್ಪಿಗೆ ಯಾರಾದರೂ ಒಬ್ಬರು ಎದ್ದು ಹೋಗಬೇಕಿತ್ತು. ಹಾಳೆಯ ಹಿಂದೆ ಮೂರು ಸಹಿ ಇದ್ದವು, ನಾನು ನನ್ನದನ್ನು ತೋರಿಸಿದೆ. ಈ ತಿಂಗಳ ಕೊನೆಗೆ ಕುರ್ಚಿ ಖಾಲಿ. ಇದನ್ನು ನಿನಗೆ ಲೆಕ್ಕ ಒಪ್ಪಿಸಲು ಬರೆದದ್ದು, ಅಯ್ಯೋ ಅನ್ನಿಸಿಕೊಳ್ಳಲು ಅಲ್ಲ.

ಮಡಚಿದ ಹಾಳೆ ಆ ಸಣ್ಣ ಪುಸ್ತಕದ್ದು. ನೀನು ಅವತ್ತು ಅಂದುಕೊಂಡದ್ದು ಪೂರ್ತಿ ತಪ್ಪಲ್ಲ. ಮೇಲೆ ಔಷಧಿಯ ಹೊತ್ತೇ ಇದೆ: ಎರಡು ಗಂಟೆ, ಆರು ಗಂಟೆ, ಹತ್ತು ಗಂಟೆ. ಅದರ ಕೆಳಗೆ ಆ ಮಾತು. ಟೀವಿಯಲ್ಲಿ ಬಂದದ್ದನ್ನು ವಾಪಸ್ ತರಲು ನನ್ನಿಂದಾಗದು. ನನ್ನ ಹತ್ತಿರ ಉಳಿದದ್ದು ಇದೊಂದೇ. ಇಟ್ಟುಕೋ.

ನಿನ್ನ ಮಗಳು


ಸೆಪ್ಟೆಂಬರ್ 3

ಮರೀ,

ಪಟ್ಟಿಗಳನ್ನು ಎಣಿಸಿದೆ. ನಲವತ್ತಾರು. ಅಂಚು ಒಂದು ಕಡೆಯೂ ಅಂಕುಡೊಂಕಾಗಿಲ್ಲ. ನಿಮ್ಮ ಸ್ಕೇಲಣ್ಣನಿಗೆ ಲೇಸು ಕತ್ತರಿಸುವ ಕೆಲಸ ಬೇಕಾದರೆ ಹೇಳು.

ಇಷ್ಟು ದಿನ ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ. ನನ್ನಂಥ ಬಾಯಾಳಿಗೂ ಹೀಗಾಗುತ್ತದೆ. ನೀನು ಕಳಿಸಿದ ಕಾರ್ಡು ಮಾತ್ರ ಗಲ್ಲಾಪೆಟ್ಟಿಗೆಯ ಮೇಲೆ ನಿಲ್ಲಿಸಿಟ್ಟಿದ್ದೇನೆ. ಔಷಧಿ ಪೆಟ್ಟಿಗೆಯ ಒಳಗಿಡುವ ಚೀಟಿ ಬರೆಯುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀಯ. ಯಾರೂ ಚಪ್ಪಾಳೆ ತಟ್ಟದ ಬರಹ. ಬೆರಳಿಟ್ಟು ಓದು. ಅಲ್ಲಿ ಅಂಕಿ ತಪ್ಪಿದರೆ ಫೋನು ಬರುವುದಿಲ್ಲ.

ಕಿವಿ ಕಂಪನಿಯವರು ಮನೆ ಮನೆಗೂ ಹೋಗುತ್ತಿದ್ದಾರೆ. ನನ್ನ ಫೋನು ಈಗ ದಿನಕ್ಕೆ ಎರಡು ಮೂರು ಸಲ ಬಡಿದುಕೊಂಡರೆ ಹೆಚ್ಚು. ಕ್ಷೌರದಂಗಡಿಯವನು ಯಂತ್ರ ಹಾಕಿಸಿಕೊಂಡ ಮೇಲೆ ಆ ಗಿರಾಕಿಯ ಮನೆಗೆ ಹೋಗಿ ಬಂದನಂತೆ. ಅಲ್ಲಿ ಏನಾಯಿತೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕಾಲಂ ಹಾಕುವುದನ್ನು ಬಿಟ್ಟಿದ್ದೇನೆ.

ಕಳೆದ ಸೋಮವಾರ ಹನ್ನೊಂದಕ್ಕೆ ತಾತನ ಫೋನು ಬಂತು.

"ಹಲೋ. ಯಂತ್ರ ಹಾಕಿಸಿಕೊಂಡಿದೀನಿ. ಏನಾದ್ರೂ ಮಾತಾಡು."

"ಏನು ಮಾತಾಡ್ಲಿ ಹೇಳಿ."

"ಇದಾ ನಿನ್ನ ಧ್ವನಿ! ಇಷ್ಟು ವಯಸ್ಸಾಗಿದೆ ಅಂದ್ಕೊಂಡಿರ್ಲಿಲ್ಲ" ಎಂದರು.

"ನೀವೇನು ಎಳೇ ಹುಡುಗನಾ?"

"ಇಷ್ಟು ದಿನಾನೂ ನೀನು ಉತ್ತರ ಕೊಡ್ತಿದ್ಯೇನಮ್ಮಾ?"

"ದಿನಾ ಕೊಡ್ತಿದ್ದೆ. ಅಕ್ಕಪಕ್ಕದ ಅಂಗಡಿಯೋರಿಗೆಲ್ಲ ಕೇಳಿಸ್ತಿತ್ತು, ನಿಮಗೊಬ್ಬರಿಗೆ ಬಿಟ್ಟು."

"ಅಯ್ಯೋ. ನಾನೊಬ್ಬನೇ ಮಾತಾಡ್ತಿದೀನಿ ಅಂದ್ಕೊಂಡಿದ್ದೆ."

"ಮತ್ತೆ ದಿನಾ ಯಾಕೆ ಮಾಡ್ತಿದ್ರಿ?"

"ಯಾರೋ ಎತ್ತಿಕೊಂಡಿದ್ದಾರೆ ಅನ್ನೋದು ಹೇಗೋ ಗೊತ್ತಾಗೋದು. ಅಷ್ಟು ಸಾಕಿತ್ತು ಕಣಮ್ಮಾ."

ಫೋನಿಟ್ಟ ಮೇಲೆ ಏಣಿ ಹಾಕಿ ಮೇಲಿನ ಅಟ್ಟಣಿಗೆಯಿಂದ ಕೊಂಬಿನ ಗುಂಡಿಗಳ ಹಳೆಯ ಡಬ್ಬಿ ಇಳಿಸಿದೆ. ನಿನ್ನ ಏಳು ಕಾಗದ ಅದರಲ್ಲಿದ್ದವು. ಗಿರಾಕಿಗಳ ನಡುವೆ ಒಂದೊಂದಾಗಿ ಓದಿದೆ. ಮೂರು ದಿನ ಹಿಡಿಯಿತು. ತೆರೆಯದಿದ್ದದ್ದು ಒಳ್ಳೆಯದಾಯಿತು ಎಂದು ಬರೆದಿದ್ದೀಯಲ್ಲ, ಅದೊಂದು ಮಾತು ನಾನು ಒಪ್ಪುವುದಿಲ್ಲ. ಆ ಮಡಚಿದ ಹಾಳೆ ಈಗ ಅದೇ ಡಬ್ಬಿಯಲ್ಲಿದೆ. ಔಷಧಿಯ ಹೊತ್ತು ನೀನು ಸರಿಯಾಗಿಯೇ ಬರೆದಿದ್ದೆ.

ಫೋನ್ ಆಫೀಸಿನವರು ಬಂದು ತೊಂದರೆಯಾಗಿದೆಯಂತೆ, ಹೊಸ ನಂಬರು ಕೊಡುತ್ತೇವೆ ಎಂದರು. ಬೇಡ ಅಂದೆ. "ಯಾಕಮ್ಮಾ, ಇನ್ನೂ ಬೇಕಾ ಈ ರಗಳೆ?" ಎಂದು ನಕ್ಕರು. ಈ ನಂಬರನ್ನು ಬಾಯಿಪಾಠ ಮಾಡಿಕೊಂಡವಳು ಒಬ್ಬಳಿದ್ದಾಳೆ, ಅವಳಿಗೆ ಬೇರೆ ಯಾವುದೂ ನೆನಪಿರುವುದಿಲ್ಲ ಎಂದೆ.

ಶನಿವಾರ ಸಂಜೆಯ ಬಸ್ಸಿಗೆ ಬಾ. ಏಳೂವರೆಗೆ ಇಳಿಯುತ್ತೀಯ. ಶನಿವಾರ ದರ್ಜಿಗಳೆಲ್ಲ ಬರುವ ದಿನ, ಎಂಟಾಗದೆ ನಾನು ಏಳಲಾರೆ. ಮನೆಯ ಬೀಗದ ಕೈ ಅಂಗಡಿಯಲ್ಲಿ ಅಳತೆ ಟೇಪಿನ ಮೊಳೆಗೇ ನೇತಾಡುತ್ತಿರುತ್ತದೆ, ತೆಗೆದುಕೋ. ಮೂರನೆಯ ಮೆಟ್ಟಿಲು ಸಡಿಲವಾಗಿದೆ, ಗೋಡೆ ಕಡೆ ಕಾಲಿಡು. ಒಲೆ ಒಂದು ಕಡ್ಡಿಗೆ ಹತ್ತುವುದಿಲ್ಲ, ಎರಡು ಗೀರು. ನೀರಿಡು. ಕೆಳಗೆ ನನಗಾಗಿ ಕಾಯುತ್ತಾ ನಿಲ್ಲಬೇಡ, ಗಿರಾಕಿಗಳಿಗೆ ಅಡ್ಡವಾಗುತ್ತದೆ.

ನೀನು ನಡೀತಾ ಇರು, ಬಾಗಿಲು ಹಾಕಿ ಬಂದೆ.

ಅಮ್ಮ